ಪಿಕಪ್ ಗಾಡಿಯ ಕ್ಲಚ್‌ಗೆ ಏರ್ ಹೊಕ್ಕಿದೆಯಾ? ತೆಗೆಯುವ ಮೊದಲು ಬಂದ ದಾರಿ ಹುಡುಕಿ

ಮಳೆಗಾಲದ ಒಂದು ಸಂಜೆ. ಮಂಗಳೂರಿನಲ್ಲಿ ಶುಂಠಿ ಇಳಿಸಿ, ಖಾಲಿ ಪಿಕಪ್‌ನಲ್ಲಿ ಶಿರಾಡಿ ಘಾಟಿ ಹತ್ತುತ್ತಾ ಸಕಲೇಶಪುರದ ಕಡೆ ಬರುತ್ತಿದ್ದೆ. ಮುಂದೆ ಟ್ಯಾಂಕರ್‌ಗಳ ಸಾಲು. ನಾಲ್ಕು ಮಾರು ಹೋಗುವುದು, ನಿಲ್ಲುವುದು, ಮತ್ತೆ ಫಸ್ಟ್ ಗೇರ್. ಮುಕ್ಕಾಲು ಗಂಟೆ ಹೀಗೇ ನಡೆಯಿತು. ಆಮೇಲೆ ಫಸ್ಟ್ ಗೇರ್ ಬೀಳುವುದು ಬಿಗಿಯಾಯಿತು. ಸ್ವಲ್ಪ ಹೊತ್ತಿಗೆ ಬೀಳಲೇ ಇಲ್ಲ. ಪೆಡಲ್ ಒತ್ತಿದರೆ ಮೊದಲಿನ ಬಿಗಿ ಇಲ್ಲ, ನೆನೆದ ಸ್ಪಂಜಿನ ಮೇಲೆ ಕಾಲಿಟ್ಟ ಹಾಗೆ ಮೆತ್ತಗೆ ಇಳಿಯುತ್ತಿತ್ತು. ಮೂರು ನಾಲ್ಕು ಸಲ ಬೇಗ ಬೇಗ ಒತ್ತಿದೆ. ಗೇರ್ ಬಿತ್ತು. ಹಾಗೇ ಪಂಪ್ ಮಾಡಿಕೊಂಡೇ ಮನೆ ಸೇರಿದೆ.

ಇದು ಎರಡನೇ ಸಲ. ಒಂದು ತಿಂಗಳ ಹಿಂದೆ ಇದೇ ತೊಂದರೆ ಬಂದು, ಒಂದು ಗ್ಯಾರೇಜಿನಲ್ಲಿ ಏರ್, ಅಂದರೆ ಕ್ಲಚ್ ಪೈಪಿನೊಳಗೆ ಸೇರಿದ ಗಾಳಿ, ತೆಗೆಸಿದ್ದೆ. ಮೂರು ವಾರ ಚೆನ್ನಾಗಿಯೇ ಓಡಿತು. ಈ ಸಲ ಬೇರೆ ಕಡೆ ತೋರಿಸಿದೆ. ಕ್ಲಚ್ ಪ್ಲೇಟ್ ಹೋಗಿದೆ, ಗೇರ್ ಬಾಕ್ಸ್ ಇಳಿಸಬೇಕು ಅಂದರು. ಎರಡು ದಿನ ಸಮಯ ಕೇಳಿಕೊಂಡು ಗಾಡಿ ಮನೆಗೆ ತಂದೆ. ಮಗಳನ್ನು ಪೆಡಲ್ ಒತ್ತಲು ಕೂರಿಸಿ, ನಾನು ಗಾಡಿ ಕೆಳಗೆ ಮಲಗಿ ನೋಡಿದೆ. ಕೊನೆಗೆ ಸಿಕ್ಕಿದ್ದು ಹೆಬ್ಬೆರಳಿನಷ್ಟು ಅಗಲದ ಒಂದು ರಬ್ಬರ್ ಕಪ್. ಅದರ ಅಂಚು ಸವೆದಿತ್ತು. ಗೇರ್ ಬಾಕ್ಸ್ ಇಳಿಸಬೇಕಾಗಿಯೇ ಇರಲಿಲ್ಲ.

ಆ ಎರಡು ದಿನದಲ್ಲಿ ನೋಡಿ ಕಲಿತದ್ದನ್ನು, ಆಮೇಲೆ ಅಕ್ಕಪಕ್ಕದ ಊರಿನವರ ಗಾಡಿಗಳಲ್ಲಿ ಕಂಡದ್ದನ್ನು ಸೇರಿಸಿ ಬರೆಯುತ್ತಿದ್ದೇನೆ. ಏರ್ ತೆಗೆಯುವುದು ಕಷ್ಟದ ಕೆಲಸ ಅಲ್ಲ. ಆದರೆ ಪೈಪಿನೊಳಗೆ ಗಾಳಿ ತಾನಾಗಿ ಹುಟ್ಟುವುದಿಲ್ಲ. ಎಲ್ಲಿಂದಲೋ ಬಂದಿರುತ್ತದೆ. ಆ ದಾರಿ ಮುಚ್ಚದೆ ಏರ್ ತೆಗೆದರೆ ಮೂರು ವಾರದ ನೆಮ್ಮದಿ ಸಿಗುತ್ತದೆ, ಅಷ್ಟೇ.

ಪೆಡಲ್ ಒತ್ತಿದಾಗ ಒಳಗೆ ಏನಾಗುತ್ತದೆ

ಪೆಡಲಿಗೆ ಒಂದು ಚಿಕ್ಕ ಕಡ್ಡಿ ಜೋಡಿಸಿರುತ್ತಾರೆ. ಅದು ಮೇಲಿನ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ತಳ್ಳುತ್ತದೆ. ಮಾಸ್ಟರಿನಿಂದ ಆಯಿಲ್ (ಇಲ್ಲೂ ಇರುವುದು ಬ್ರೇಕ್ ಆಯಿಲೇ) ಒಂದು ಕಬ್ಬಿಣದ ಪೈಪು, ಒಂದು ರಬ್ಬರ್ ಹೋಸ್ ಮೂಲಕ ಗೇರ್ ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರಿಗೆ ಹೋಗುತ್ತದೆ. ಸ್ಲೇವಿನ ಪಿಸ್ಟನ್ ಹೊರಗೆ ಬಂದು ಫೋರ್ಕ್ ತಳ್ಳುತ್ತದೆ, ಫೋರ್ಕ್ ರಿಲೀಸ್ ಬೇರಿಂಗನ್ನು ಒತ್ತುತ್ತದೆ, ಕ್ಲಚ್ ಬಿಡುತ್ತದೆ, ಅಂದರೆ ಇಂಜಿನ್ನಿಗೂ ಗೇರ್ ಬಾಕ್ಸಿಗೂ ಕೊಂಡಿ ತಪ್ಪುತ್ತದೆ. ಕೆಲವು ಹೊಸ ಗಾಡಿಗಳಲ್ಲಿ ಸ್ಲೇವ್ ಮತ್ತು ಬೇರಿಂಗ್ ಒಂದೇ ತುಂಡಾಗಿ ಬೆಲ್ ಹೌಸಿಂಗ್ (ಕ್ಲಚ್ ಮುಚ್ಚುವ ಕವಚ) ಒಳಗೇ ಇರುತ್ತದೆ. ಅಂಥದ್ದರ ವಿಷಯ ಮುಂದೆ ಹೇಳುತ್ತೇನೆ.

ಇಲ್ಲಿ ಓಡಾಡುವ ಆಯಿಲ್ ಎಷ್ಟು ಕಡಿಮೆ ಅನ್ನುವುದು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಮಾಸ್ಟರಿನ ಬೋರ್, ಅಂದರೆ ಒಳವ್ಯಾಸ, 16 ಮಿಲಿಮೀಟರ್, ಸ್ಲೇವಿನದು 19 ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ಪೆಡಲ್ ಪೂರ್ತಿ ಒತ್ತಿದಾಗ ಮಾಸ್ಟರ್ ಪಿಸ್ಟನ್ 25 ಮಿಲಿಮೀಟರ್ ಸರಿದರೆ ತಳ್ಳಿದ ಆಯಿಲ್ ಸುಮಾರು 5 ಮಿಲಿಲೀಟರ್. ಒಂದು ಟೀ ಚಮಚದಷ್ಟು. ಅಷ್ಟರಿಂದ ಸ್ಲೇವ್ ಸುಮಾರು 18 ಮಿಲಿಮೀಟರ್ ಹೊರಗೆ ಬರುತ್ತದೆ. ಈಗ ಪೈಪಿನಲ್ಲಿ 1 ಮಿಲಿಲೀಟರ್ ಗಾಳಿ ಇದೆ ಅಂದುಕೊಳ್ಳಿ. ಆಯಿಲನ್ನು ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಮಾಸ್ಟರ್ ತಳ್ಳಿದ ಆಯಿಲಿನಲ್ಲಿ ಒಂದು ಪಾಲು ಆ ಗುಳ್ಳೆಯನ್ನು ಹಿಸುಕುವುದಕ್ಕೇ ಖರ್ಚಾಗಿ, ಸ್ಲೇವಿನ ಓಟದಲ್ಲಿ ಮೂರೂವರೆ ಮಿಲಿಮೀಟರ್ ಹತ್ತಿರ ಕಡಿಮೆಯಾಗುತ್ತದೆ. ಎರಡು ಮಿಲಿಲೀಟರ್ ಇದ್ದರೆ ಏಳು ಮಿಲಿಮೀಟರ್ ಹೋಯಿತು. ಕ್ಲಚ್ ಅರ್ಧಂಬರ್ಧ ಬಿಡುತ್ತದೆ, ಗೇರ್ ಕಿರಿಚುತ್ತದೆ. ಬ್ರೇಕಿನಲ್ಲಿ ಇಷ್ಟು ಸಣ್ಣ ಗುಳ್ಳೆ ಇದ್ದರೆ ಪೆಡಲ್ ಸ್ವಲ್ಪ ಮೆತ್ತಗಾಗಬಹುದು. ಕ್ಲಚ್‌ನಲ್ಲಿ ಮಾತ್ರ ಗಾಡಿಯೇ ನಿಲ್ಲುತ್ತದೆ.

ಮೊದಲು ಇದು ಗಾಳಿಯ ತೊಂದರೆಯೇ ಅಂತ ಖಾತ್ರಿ ಮಾಡಿಕೊಳ್ಳಿ

ಕ್ಲಚ್ ತೊಂದರೆಯಲ್ಲಿ ಎರಡು ಜಾತಿ. ಒಂದು, ಕ್ಲಚ್ ಹಿಡಿಯುವುದಿಲ್ಲ. ಏರುದಾರಿಯಲ್ಲಿ ಆಕ್ಸಿಲರೇಟರ್ ಕೊಟ್ಟರೆ ಇಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಇದು ಸಾಮಾನ್ಯವಾಗಿ ಪ್ಲೇಟಿನ ಕಡೆಯ ತೊಂದರೆ, ಗಾಳಿಗೂ ಇದಕ್ಕೂ ಸಂಬಂಧ ಇಲ್ಲ. ಇನ್ನೊಂದು, ಕ್ಲಚ್ ಬಿಡುವುದಿಲ್ಲ. ಗೇರ್ ಬಿಗಿ, ರಿವರ್ಸ್ ಹಾಕಿದರೆ ಕರ್ರ್ ಅನ್ನುತ್ತದೆ, ಪೆಡಲ್ ತಳ ಮುಟ್ಟಿದ್ದರೂ ಗಾಡಿ ಮುಂದಕ್ಕೆ ತೆವಳುತ್ತದೆ. ಗಾಳಿ ಹೊಕ್ಕಾಗ ಕಾಣಿಸುವುದು ಈ ಎರಡನೆಯದು. ನನ್ನ ಗಾಡಿಗೆ ಪ್ಲೇಟ್ ಹೋಗಿದೆ ಅಂದಾಗ ನನಗೆ ಅನುಮಾನ ಬಂದದ್ದು ಇದರಿಂದಲೇ. ಘಾಟಿ ಹತ್ತುವಾಗ ಒಂದು ಸಲವೂ ಕ್ಲಚ್ ಜಾರಿರಲಿಲ್ಲ.

ಇಂಜಿನ್ ಆಫ್ ಮಾಡಿ ಎಲ್ಲ ಗೇರ್ ಹಾಕಿ ನೋಡಿ. ಸಲೀಸಾಗಿ ಬಿದ್ದು, ಇಂಜಿನ್ ಓಡುವಾಗ ಮಾತ್ರ ಬಿಗಿಯಾದರೆ ಕ್ಲಚ್ ಬಿಡುತ್ತಿಲ್ಲ. ಆಫ್ ಇದ್ದಾಗಲೂ ಬಿಗಿಯಿದ್ದರೆ ಗೇರ್ ಕೇಬಲ್ ಅಥವಾ ಲಿಂಕೇಜ್ ಕಡೆ ನೋಡಬೇಕು, ಕ್ಲಚ್ ಮುಟ್ಟಬೇಡಿ. ಇನ್ನೊಂದು ಪರೀಕ್ಷೆ ರಿವರ್ಸ್‌ನದು. ಸಮತಟ್ಟು ಜಾಗದಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಗಾಡಿಯ ಮುಂದೆ ಹಿಂದೆ ಯಾರೂ ಇಲ್ಲ ಅಂತ ನೋಡಿ, ನ್ಯೂಟ್ರಲ್‌ನಲ್ಲಿ ಇಂಜಿನ್ ಓಡಲು ಬಿಡಿ. ಕ್ಲಚ್ ಪೂರ್ತಿ ಒತ್ತಿ, ಐದು ಎಣಿಸಿ, ಆಮೇಲೆ ನಿಧಾನಕ್ಕೆ ರಿವರ್ಸ್ ಹಾಕಿ. ಗೇರ್ ಬಾಕ್ಸಿನ ಒಳಗಿನ ಶಾಫ್ಟ್ ನಿಲ್ಲಲು ಅಷ್ಟು ಹೊತ್ತು ಸಾಕು. ಆಗಲೂ ಕಿರಿಚಿದರೆ ಕ್ಲಚ್ ಇನ್ನೂ ಶಾಫ್ಟನ್ನು ತಿರುಗಿಸುತ್ತಿದೆ.

ಈಗ ಪೆಡಲಿನ ಮಾತು ಕೇಳಿ. ಬೂಟು ಬಿಚ್ಚಿ, ಬರಿಗಾಲಲ್ಲಿ ಒತ್ತಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಮೊದಲಿಂದಲೂ ಮೆತ್ತಗಿದ್ದು, ಮೂರು ನಾಲ್ಕು ಸಲ ಬೇಗ ಬೇಗ ಒತ್ತಿದರೆ ಮೇಲೆ ಬಂದು ಗಟ್ಟಿಯಾದರೆ, ಒಂದು ನಿಮಿಷ ಬಿಟ್ಟು ನೋಡಿದಾಗ ಮತ್ತೆ ಮೆತ್ತಗಾಗಿದ್ದರೆ, ಬಹುತೇಕ ಗಾಳಿ. ಪಂಪ್ ಮಾಡಿದಾಗ ಸ್ಲೇವ್ ಪೂರ್ತಿ ಹಿಂದೆ ಬರುವ ಮೊದಲೇ ಮಾಸ್ಟರ್ ತನ್ನ ಮೇಲಿನ ಆಯಿಲ್ ಡಬ್ಬಿಯಿಂದ ಇನ್ನಷ್ಟು ಆಯಿಲ್ ಎಳೆದುಕೊಂಡು ತಳ್ಳುತ್ತದೆ. ಗಾಳಿ ತಿಂದ ಜಾಗವನ್ನು ಆ ಹೆಚ್ಚಿನ ಆಯಿಲ್ ತುಂಬುತ್ತದೆ. ಅದಕ್ಕೇ ತಾತ್ಕಾಲಿಕವಾಗಿ ಸರಿಹೋಗುವುದು.

ಆದರೆ ಪೆಡಲ್ ಮೊದಲು ಗಟ್ಟಿಯಾಗಿದ್ದು, ಕಾಲು ಇಟ್ಟುಕೊಂಡಿದ್ದ ಹಾಗೇ ನಿಧಾನಕ್ಕೆ ಕೆಳಗೆ ಜಾರುತ್ತಾ ಹೋದರೆ ಅದು ಬೇರೆ. ಸಿಗ್ನಲ್‌ನಲ್ಲಿ ಗೇರ್ ಹಾಕಿ ಕ್ಲಚ್ ಒತ್ತಿ ನಿಂತಿರುತ್ತೀರಿ, ಅರ್ಧ ನಿಮಿಷ ಆದಮೇಲೆ ಗಾಡಿ ತೆವಳಲು ಶುರು ಮಾಡುತ್ತದೆ. ಆಯಿಲ್ ಎಲ್ಲೂ ಸೋರಿರುವುದಿಲ್ಲ, ಡಬ್ಬಿಯಲ್ಲಿ ಮಟ್ಟವೂ ಇಳಿದಿರುವುದಿಲ್ಲ. ಮಾಸ್ಟರಿನ ಒಳಗಿನ ಕಪ್ ಸವೆದು ಆಯಿಲ್ ಅದರ ಪಕ್ಕದಿಂದ ಹಿಂದಕ್ಕೆ ನುಸುಳುತ್ತಿದೆ. ಇಂಥ ಗಾಡಿಗೆ ದಿನವಿಡೀ ಏರ್ ತೆಗೆದರೂ ಪ್ರಯೋಜನ ಇಲ್ಲ. ಮಾಸ್ಟರ್ ಕಿಟ್ (ಒಳಗಿನ ರಬ್ಬರುಗಳ ಸೆಟ್) ಅಥವಾ ಮಾಸ್ಟರನ್ನೇ ಬದಲಾಯಿಸಬೇಕು.

ಪೆಡಲ್ ಒತ್ತಿದರೆ ಇಳಿಯುತ್ತದೆ, ಬಿಟ್ಟರೆ ತಡವಾಗಿ ಮೇಲೆ ಬರುತ್ತದೆ, ಕ್ಲಚ್ ಹಿಡಿಯುವುದೂ ತಡ. ಹೀಗಿದ್ದರೆ ರಬ್ಬರ್ ಹೋಸ್ ನೋಡಿ. ಹಳೆಯ ಹೋಸ್ ಒಳಗೆ ಊದಿಕೊಂಡು ದಾರಿ ಕಟ್ಟಿಕೊಂಡಿರಬಹುದು. ಹೋಸ್ ಹೊರಗೆ ಉಬ್ಬುವುದೂ ಉಂಟು. ಒಬ್ಬರು ಪೆಡಲ್ ಒತ್ತುವಾಗ ಅದನ್ನು ಬೆರಳಲ್ಲಿ ಸುತ್ತ ಹಿಡಿದುಕೊಳ್ಳಿ. ಹೋಸ್ ದಪ್ಪವಾಗುವುದು ಕೈಗೆ ಗೊತ್ತಾದರೆ ಬದಲಾಯಿಸಿ. ಅದೂ ಪೆಡಲನ್ನು ಗಾಳಿಯ ಹಾಗೇ ಮೆತ್ತಗೆ ಮಾಡುತ್ತದೆ.

ಕೊನೆಯದು ಅಳತೆ. ನನ್ನ ಪ್ರಕಾರ ಎಲ್ಲಕ್ಕಿಂತ ನಂಬಬಹುದಾದದ್ದು ಇದೇ. ಇಂಜಿನ್ ಆಫ್ ಮಾಡಿ, ಚಕ್ರಗಳಿಗೆ ಕಲ್ಲು ಕೊಟ್ಟು, ಸ್ಲೇವಿನಿಂದ ಹೊರಬರುವ ಕಡ್ಡಿಯ ಪಕ್ಕ ಸ್ಕೇಲ್ ಹಿಡಿದು ಪೆಡಲ್ ಒತ್ತಿಸಿ. ನನ್ನ ಗಾಡಿಯಲ್ಲಿ ಮೊದಲ ಒತ್ತಿಗೆ 9 ಮಿಲಿಮೀಟರ್ ಬಂತು. ಮಗಳಿಗೆ ನಾಲ್ಕು ಸಲ ಪಂಪ್ ಮಾಡಿ ಹಿಡಿದುಕೋ ಅಂದೆ. 16 ಬಂತು. ಅಷ್ಟು ಓಟ ಸಿಕ್ಕಾಗ ಗೇರ್ ಬೀಳುತ್ತಿತ್ತು. ಅಲ್ಲಿಗೆ ಪ್ಲೇಟಿನ ಪ್ರಶ್ನೆ ಮುಗಿಯಿತು, ತೊಂದರೆ ಆಯಿಲಿನ ದಾರಿಯಲ್ಲೇ ಇದೆ. ನಿಮ್ಮ ಗಾಡಿಗೆ ಎಷ್ಟು ಬರಬೇಕು ಅನ್ನುವುದು ಅದರ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಮೊದಲ ಒತ್ತಿಗೇ ಪೂರ್ತಿ ಓಟ ಬಂದು, ಆಗಲೂ ಗೇರ್ ಬೀಳದಿದ್ದರೆ ಮಾತ್ರ ಫೋರ್ಕ್, ಪ್ರೆಷರ್ ಪ್ಲೇಟ್, ಕ್ಲಚ್ ಪ್ಲೇಟ್ ಅಂತ ಗೇರ್ ಬಾಕ್ಸ್ ಇಳಿಸುವ ಮಾತು ಆಡಬೇಕು. ಯಾರಾದರೂ ಇಳಿಸಬೇಕು ಅಂದರೆ, ಅಣ್ಣಾ, ಸ್ಲೇವ್ ಎಷ್ಟು ಓಡುತ್ತಿದೆ ಅಂತ ಅಳೆದು ತೋರಿಸಿ ಅಂತ ಕೇಳಿ. ಎರಡು ನಿಮಿಷದ ಕೆಲಸ.

ಗಾಳಿ ಬಂದ ದಾರಿ

ಆಯಿಲ್ ಡಬ್ಬಿಯಿಂದ ಶುರು ಮಾಡಿ. ಬ್ರೇಕಿಗೂ ಕ್ಲಚ್‌ಗೂ ಇಲ್ಲಿ ಒಂದು ದೊಡ್ಡ ವ್ಯತ್ಯಾಸ ಇದೆ. ಬ್ರೇಕ್ ಪ್ಯಾಡ್ ಸವೆದ ಹಾಗೆ ಡಬ್ಬಿಯಲ್ಲಿ ಆಯಿಲ್ ಸ್ವಲ್ಪ ಸ್ವಲ್ಪ ಇಳಿಯುತ್ತದೆ, ಅದು ಸಹಜ. ಕ್ಲಚ್‌ನಲ್ಲಿ ಉಲ್ಟಾ. ಪ್ಲೇಟ್ ಸವೆದ ಹಾಗೆ ಪ್ರೆಷರ್ ಪ್ಲೇಟಿನ ಬೆರಳಿನಂಥ ಸ್ಪ್ರಿಂಗ್ ಪಟ್ಟಿಗಳು ಹೊರಕ್ಕೆ ಬಂದು ಸ್ಲೇವ್ ಪಿಸ್ಟನನ್ನು ಒಳಕ್ಕೆ ತಳ್ಳುತ್ತವೆ, ಆಯಿಲ್ ಡಬ್ಬಿಗೆ ವಾಪಸ್ ಬರುತ್ತದೆ. ಹಾಗಾಗಿ ಕ್ಲಚ್ ಡಬ್ಬಿಯ ಮಟ್ಟ ಸವೆತದಿಂದ ಯಾವತ್ತೂ ಇಳಿಯುವುದಿಲ್ಲ. ಇಳಿದಿದೆ ಅಂದರೆ ಸೋರಿದೆ. ಸುಮ್ನೆ ಮೇಲೆ ತುಂಬಿಸಿ ಮರೆತುಬಿಡುವುದು ತಪ್ಪು. ಕೆಲವು ಗಾಡಿಗಳಲ್ಲಿ ಬ್ರೇಕಿಗೂ ಕ್ಲಚ್‌ಗೂ ಒಂದೇ ಡಬ್ಬಿ ಇರುತ್ತದೆ. ಅಲ್ಲಿ ಕ್ಲಚ್‌ನ ಪೈಪು ಡಬ್ಬಿಯ ಮೇಲ್ಭಾಗದಿಂದ ಹೊರಡುತ್ತದೆ. ಕ್ಲಚ್ ಕಡೆ ಪೂರ್ತಿ ಸೋರಿದರೂ ಬ್ರೇಕಿಗೆ ಆಯಿಲ್ ಉಳಿಯಲಿ ಅಂತ. ಆದ್ದರಿಂದ ಡಬ್ಬಿ ಅರ್ಧ ಇದ್ದರೂ ಕ್ಲಚ್ ಗಾಳಿ ಎಳೆದಿರಬಹುದು.

ಆಮೇಲೆ ಪೆಡಲಿನ ಮೇಲ್ಗಡೆ, ಮಾಸ್ಟರಿನ ಕಡ್ಡಿ ಬರುವ ಜಾಗಕ್ಕೆ ಬೆರಳು ಹಾಕಿ ನೋಡಿ. ಜಿಗುಟಾಗಿ ಒದ್ದೆ ಇದ್ದರೆ ಮಾಸ್ಟರ್ ಹಿಂದಿನಿಂದ ಸೋರುತ್ತಿದೆ. ಬಾನೆಟ್ ಒಳಗೆ ಮಾಸ್ಟರಿನ ಕೆಳಗಿನ ಪೇಂಟ್ ಸುಕ್ಕುಗಟ್ಟಿ ಎದ್ದಿದ್ದರೂ ಅದೇ ಗುರುತು. ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ.

ಪೈಪಿನ ಉದ್ದಕ್ಕೂ ಕೈಯಾಡಿಸಿ. ಕ್ಲ್ಯಾಂಪ್ ಬಿಚ್ಚಿಹೋಗಿ ಪೈಪು ಚಾಸಿಗೆ ಉಜ್ಜುತ್ತಿದೆಯಾ, ನಟ್ ಸಡಿಲವಾಗಿದೆಯಾ, ಹೋಸ್ ಸೈಲೆನ್ಸರ್ ಪೈಪಿಗೆ ತೀರಾ ಹತ್ತಿರ ಇದೆಯಾ ಅಂತ ನೋಡಿ. ಶಾಖ ತಡೆಯುವ ತಗಡು ಬಿದ್ದುಹೋಗಿದ್ದರೆ ಹಾಕಿಸಿ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ಹೊಸ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ನೂರಕ್ಕೆ 3.7 ಪಾಲು ನೀರು ಸೇರಿದರೆ 140ಕ್ಕೇ ಕುದಿಯಬಹುದು. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಕುದಿದು ಆವಿ ಆದರೆ ಅದೂ ಗಾಳಿಯ ಹಾಗೇ ಹಿಸುಕಿಸಿಕೊಳ್ಳುತ್ತದೆ. ತಂಪಿದ್ದಾಗ ಕ್ಲಚ್ ಚೆನ್ನಾಗಿದ್ದು, ಘಾಟಿಯಲ್ಲಿ ಬಿಸಿಯಾದ ಮೇಲೆ ಮಾತ್ರ ಕೈಕೊಟ್ಟು, ಬೆಳಿಗ್ಗೆ ಹೊತ್ತಿಗೆ ಮತ್ತೆ ಸರಿಹೋದರೆ, ಹಳೆಯ ಆಯಿಲ್ ಪೂರ್ತಿ ತೆಗೆದು ಹೊಸದು ಹಾಕಿ. ನಮ್ಮ ಮಲೆನಾಡಿನ ಮಳೆಯಲ್ಲಿ ಓಡುವ ಗಾಡಿಗಳಿಗೆ ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು ಜಾಸ್ತಿ ಅಲ್ಲ.

ಕೊನೆಗೆ ಸ್ಲೇವ್. ಅದರ ತುದಿಗೆ ಧೂಳು ತಡೆಯುವ ಒಂದು ರಬ್ಬರ್ ಬೂಟ್ ಇರುತ್ತದೆ. ಹೊರಗಿನಿಂದ ನೋಡಿದರೆ ನನ್ನದು ಒಣಗಿಯೇ ಇತ್ತು. ಅದಕ್ಕೇ ಮೊದಲ ಸಲ ಯಾರಿಗೂ ಅನುಮಾನ ಬಂದಿಲ್ಲ. ಬೂಟಿನ ಅಂಚನ್ನು ಸಣ್ಣ ಸ್ಕ್ರೂಡ್ರೈವರಿನಲ್ಲಿ ಎತ್ತಿದೆ. ಒಳಗಿನಿಂದ ಕಪ್ಪು ರಸ ಒಂದೆರಡು ಹನಿ ಮಣಿಕಟ್ಟಿನ ಮೇಲೆ ಬಿತ್ತು. ಬೆರಳಲ್ಲಿ ಉಜ್ಜಿದರೆ ರಬ್ಬರಿನ ಪುಡಿ ಸಿಕ್ಕಿತು. ಕಪ್ ಸವೆದಾಗ ಹೀಗೆ ಆಗುತ್ತದೆ. ಒತ್ತುವಾಗ ಕಪ್ಪಿನ ಅಂಚು ಅಗಲವಾಗಿ ಬಹುತೇಕ ಆಯಿಲನ್ನು ತಡೆಯುತ್ತದೆ, ತೊಟ್ಟು ಮಾತ್ರ ದಾಟುತ್ತದೆ. ಪೆಡಲ್ ಸರ್ರಂತ ವಾಪಸ್ ಬರುವಾಗ ಅದೇ ಅಂಚು ಒಳಗೆ ಮಡಿದು ಗಾಳಿ ಒಳಕ್ಕೆ ಹೋಗುತ್ತದೆ. ಸೋರಿದ್ದು ಬೂಟಿನ ಒಳಗೇ ಉಳಿಯುವುದರಿಂದ ನೆಲದ ಮೇಲೆ ಒಂದು ಹನಿಯೂ ಬೀಳುವುದಿಲ್ಲ.

ಬೆಲ್ ಹೌಸಿಂಗ್ ಒಳಗೆ ಸ್ಲೇವ್ ಇರುವ ಗಾಡಿಯಲ್ಲಿ ಬೂಟ್ ಎತ್ತಿ ನೋಡುವ ಅವಕಾಶ ಇಲ್ಲ. ಹೌಸಿಂಗ್ ಕೆಳಗೆ ತೊಟ್ಟಿಕ್ಕುತ್ತಿದೆಯಾ ನೋಡಿ. ಅಲ್ಲಿ ಇಂಜಿನ್ ಆಯಿಲ್, ಗೇರ್ ಆಯಿಲ್ ಕೂಡ ಸೋರಬಹುದು. ಗೊತ್ತುಮಾಡಿಕೊಳ್ಳಲು ಸುಲಭದ ದಾರಿ ಇದೆ. ಒಂದು ಲೋಟ ನೀರಿಗೆ ಆ ಹನಿ ಬಿಡಿ. ಬ್ರೇಕ್ ಆಯಿಲ್ ನೀರಲ್ಲಿ ಕರಗಿಹೋಗುತ್ತದೆ. ಇಂಜಿನ್ ಆಯಿಲ್, ಗೇರ್ ಆಯಿಲ್ ಮೇಲೆ ತೇಲಿ ಬಣ್ಣದ ಪೊರೆ ಕಟ್ಟುತ್ತವೆ. ನೋಡಿದ ಮೇಲೆ ಲೋಟ ಅಡುಗೆಮನೆಗೆ ವಾಪಸ್ ಹೋಗಬಾರದು, ಬ್ರೇಕ್ ಆಯಿಲ್ ವಿಷ. ನೀರಲ್ಲಿ ಕರಗಿದರೆ ಒಳಗಿನ ಸ್ಲೇವೇ ಹೋಗಿದೆ. ಅಂಥ ಗಾಡಿಗೆ ಮಾತ್ರ ಗೇರ್ ಬಾಕ್ಸ್ ಇಳಿಸದೆ ಬೇರೆ ದಾರಿ ಇಲ್ಲ.

ಕಪ್ ಬದಲಾಯಿಸುವಾಗ

ಸ್ಲೇವ್ ಬಿಚ್ಚಿ ಪಿಸ್ಟನ್ ತೆಗೆದ ಮೇಲೆ ಸಿಲಿಂಡರಿನ ಒಳಗೋಡೆಯ ಮೇಲೆ ಉಗುರು ಎಳೆದು ನೋಡಿ. ಉಗುರು ಎಲ್ಲಾದರೂ ತಡೆದರೆ, ಅಥವಾ ತುಕ್ಕಿನ ಗುಳಿ ಕಂಡರೆ ಕಿಟ್ ಹಾಕಬೇಡಿ, ಸಿಲಿಂಡರನ್ನೇ ಬದಲಾಯಿಸಿ. ಹೊಸ ಕಪ್ ಆ ಗುಳಿಯ ಮೇಲೆ ಓಡಾಡಿ ಕೆಲವೇ ದಿನದಲ್ಲಿ ಹರಿಯುತ್ತದೆ. ನನ್ನದು ನುಣುಪಾಗಿತ್ತು, ಕಿಟ್ ಸಾಕಾಯಿತು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಈ ರಬ್ಬರುಗಳನ್ನು ಡೀಸೆಲ್, ಪೆಟ್ರೋಲ್, ಸೀಮೆಎಣ್ಣೆಯಲ್ಲಿ ತೊಳೆಯಬೇಡಿ. ಗ್ರೀಸ್, ಇಂಜಿನ್ ಆಯಿಲ್ ಸವರಬೇಡಿ. ಪೆಟ್ರೋಲಿಯಂ ತಗುಲಿದರೆ ಈ ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ. ಹೊಸ ಬ್ರೇಕ್ ಆಯಿಲಿನಲ್ಲೇ ತೊಳೆದು, ಅದನ್ನೇ ಸವರಿ, ಕಪ್ಪಿನ ಬಾಯಿ ಆಯಿಲ್ ಕಡೆಗೆ ಇರುವ ಹಾಗೆ ಕೂರಿಸಿ. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಬರೆದಿರುತ್ತದೆ, ಅದನ್ನೇ ಹಾಕಿ. ಡಾಟ್ 5 ಸಿಲಿಕಾನ್ ಆಯಿಲ್, ಅದು ಇವುಗಳ ಜೊತೆ ಸೇರುವುದಿಲ್ಲ.

ಏರ್ ತೆಗೆಯುವುದು

ಬೇಕಾದ್ದು ಇಷ್ಟು: ಸೀಲ್ ಒಡೆಯದ ಹೊಸ ಆಯಿಲ್ ಅರ್ಧ ಲೀಟರ್, ನಿಪ್ಪಲ್‌ಗೆ (ಏರ್ ಹೊರಬಿಡಲು ಸ್ಲೇವಿನ ಮೇಲಿರುವ ತೂತಿನ ಸ್ಕ್ರೂ) ಸರಿಯಾಗಿ ಕೂರುವ ರಿಂಗ್ ಸ್ಪ್ಯಾನರ್, ಬಿಗಿಯಾಗಿ ಹೊಂದುವ ಪಾರದರ್ಶಕ ಟ್ಯೂಬ್ ಒಂದು ಮೊಳ, ಒಂದು ಖಾಲಿ ಬಾಟಲಿ, ಪೆಡಲ್ ಒತ್ತಲು ತಾಳ್ಮೆ ಇರುವ ಒಬ್ಬರು. ನಿಪ್ಪಲ್ ತುಕ್ಕು ಹಿಡಿದಿದ್ದರೆ ಹಿಂದಿನ ದಿನವೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಬಿಡಿ. ಓಪನ್ ಸ್ಪ್ಯಾನರ್ ಹಾಕಿ ಜೋರು ಮಾಡಿದರೆ ಮೂಲೆ ಸವೆದು ದುಂಡಗಾಗುತ್ತದೆ, ಇಲ್ಲವೇ ನಿಪ್ಪಲ್ ಮುರಿಯುತ್ತದೆ. ಜಾಕ್ ಒಂದನ್ನೇ ನಂಬಿ ಗಾಡಿ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ. ಪಿಕಪ್ ಎತ್ತರದ ಗಾಡಿ, ಎಷ್ಟೋ ಸಲ ಎತ್ತದೆಯೇ ಕೈ ಸಿಗುತ್ತದೆ.

ಡಬ್ಬಿಯ ಸುತ್ತ ಒರೆಸಿ ಮುಚ್ಚಳ ತೆಗೆಯಿರಿ. ಹಳೆಯ ಆಯಿಲ್ ಕಪ್ಪಾಗಿದ್ದರೆ ಸಿರಿಂಜಿನಲ್ಲಿ ಎಳೆದು ತೆಗೆದು ಹೊಸದು ತುಂಬಿ. ಟ್ಯೂಬಿನ ಒಂದು ತುದಿ ನಿಪ್ಪಲ್‌ಗೆ, ಇನ್ನೊಂದು ತುದಿ ಬಾಟಲಿಯ ತಳದಲ್ಲಿ ಸ್ವಲ್ಪ ಆಯಿಲ್ ಹಾಕಿ ಅದರಲ್ಲಿ ಮುಳುಗಿಸಿ.

ಇನ್ನು ಇಬ್ಬರ ನಡುವಿನ ಮಾತು. ನಾವು ಮೂರೇ ಶಬ್ದ ಇಟ್ಟುಕೊಂಡೆವು. ನಾನು ಕೆಳಗಿಂದ "ಒತ್ತು" ಅಂದರೆ ಮಗಳು ನಿಧಾನಕ್ಕೆ ತಳದವರೆಗೆ ಒತ್ತಿ "ಹಿಡ್ದಿದೀನಿ" ಅನ್ನಬೇಕು. ಆಗ ನಾನು ನಿಪ್ಪಲ್ ಕಾಲು ಸುತ್ತು ಬಿಚ್ಚುತ್ತೇನೆ. ಆಯಿಲ್ ಚಿಮ್ಮಿ ನಿಂತ ಕೂಡಲೇ ಬಿಗಿ ಮಾಡಿ "ಬಿಡು" ಅನ್ನುತ್ತೇನೆ. ಆ ಮಾತು ಬರುವವರೆಗೆ ಪೆಡಲಿಂದ ಕಾಲು ತೆಗೆಯುವ ಹಾಗಿಲ್ಲ. ನಿಪ್ಪಲ್ ತೆರೆದಿರುವಾಗ ಪೆಡಲ್ ಮೇಲೆ ಬಂದರೆ ಹೊರಗಿನ ಗಾಳಿ ಒಳಕ್ಕೆ ಹೋಗುತ್ತದೆ, ಮಾಡಿದ್ದೆಲ್ಲ ಮೊದಲಿಗೆ ಬರುತ್ತದೆ. ಬಿಟ್ಟ ಮೇಲೆ ಐದಾರು ಸೆಕೆಂಡ್ ಕಾಯಿರಿ, ಮಾಸ್ಟರ್ ಮತ್ತೆ ತುಂಬಿಕೊಳ್ಳಲಿ. ಪೆಡಲ್ ತಾನಾಗಿ ಮೇಲೆ ಬರದಿದ್ದರೆ ಕಾಲ್ಬೆರಳಿನಿಂದ ಎತ್ತಬೇಕು. ನಿಪ್ಪಲ್ ಬಿಚ್ಚುವ ಮೊದಲು ಬೇಗ ಬೇಗ ಪಂಪ್ ಮಾಡುವ ಅಭ್ಯಾಸ ತುಂಬಾ ಜನಕ್ಕಿದೆ. ಅದು ಬೇಡ. ದೊಡ್ಡ ಗುಳ್ಳೆ ಒಡೆದು ನೊರೆಯಾಗುತ್ತದೆ, ನೊರೆ ಹೊರಗೆ ಬರಲು ಬಹಳ ಹೊತ್ತು ಬೇಕು. ಒಳಗೆ ಸ್ಲೇವ್ ಇರುವ ಗಾಡಿಗಳಲ್ಲಂತೂ ಜೋರಾಗಿ ಪಂಪ್ ಮಾಡಲೇಬೇಡಿ, ಸೀಲ್ ಹಾಳಾಗುತ್ತದೆ.

ಒಂದು ಒತ್ತಿಗೆ ಹೊರಬರುವುದು ಒಂದು ಚಮಚ ಆಯಿಲ್. ಐದಾರು ಸಲಕ್ಕೊಮ್ಮೆ ಡಬ್ಬಿ ನೋಡಿ ತುಂಬಿಸಿ. ಡಬ್ಬಿ ಖಾಲಿಯಾಗಿ ಮಾಸ್ಟರ್ ಗಾಳಿ ಎಳೆದರೆ ಮತ್ತೆ ಮೊದಲಿಂದ ಶುರು ಮಾಡಬೇಕು. ಬಾಟಲಿಗೆ ಬಂದ ಆಯಿಲ್ ಸ್ವಚ್ಛವಾಗಿ ಕಂಡರೂ ಡಬ್ಬಿಗೆ ವಾಪಸ್ ಸುರಿಯಬೇಡಿ, ಅದರ ತುಂಬ ಕಣ್ಣಿಗೆ ಕಾಣದ ಗುಳ್ಳೆ ಇರುತ್ತವೆ.

ನಮ್ಮ ಟ್ಯೂಬಿನಲ್ಲಿ ಮೊದಲು ಬಂದದ್ದು ಡಿಕಾಕ್ಷನ್ ಬಣ್ಣದ ಆಯಿಲ್, ನಡುನಡುವೆ ಕಡಲೆಕಾಳಿನಷ್ಟು ಗುಳ್ಳೆಗಳು. ಹತ್ತು ಹನ್ನೆರಡು ಸಲ ಆದಮೇಲೆ ಜೇನಿನ ಬಣ್ಣ ಬಂತು, ಗುಳ್ಳೆ ನಿಂತಿತು. ಆದರೂ ಪೆಡಲ್ ಪೂರ್ತಿ ಗಟ್ಟಿಯಾಗಲಿಲ್ಲ. ಸ್ಕೇಲ್ ಹಿಡಿದರೆ 13 ಮಿಲಿಮೀಟರ್. ಇನ್ನೂ ಒಂದು ಮಿಲಿಲೀಟರ್ ಹತ್ತಿರ ಗಾಳಿ ಎಲ್ಲೋ ಅಡಗಿದೆ.

ಗುಳ್ಳೆ ನಿಂತರೂ ಪೆಡಲ್ ಮೆತ್ತಗೇ ಇದ್ದರೆ

ಇಲ್ಲಿ ತುಂಬಾ ಜನ ಸೋಲೊಪ್ಪಿಕೊಂಡು ಹೊಸ ಮಾಸ್ಟರ್ ಕೊಳ್ಳುತ್ತಾರೆ. ಸ್ವಲ್ಪ ತಡೆಯಿರಿ. ಗಾಳಿಯ ಸ್ವಭಾವ ಮೇಲಕ್ಕೆ ಹೋಗುವುದು. ನಾವು ಅದನ್ನು ಕೆಳಗಿರುವ ನಿಪ್ಪಲ್ ಕಡೆ ತಳ್ಳುತ್ತಿದ್ದೇವೆ. ಪೈಪು ಎಲ್ಲಾದರೂ ಕಮಾನಿನ ಹಾಗೆ ಬಾಗಿದ್ದರೆ ಗುಳ್ಳೆ ಅದರ ನೆತ್ತಿಯಲ್ಲಿ ಕೂರುತ್ತದೆ. ಒಂದು ಚಮಚ ಆಯಿಲ್ ಅದನ್ನು ಸ್ವಲ್ಪ ಕೆಳಗೆ ತಳ್ಳುವಷ್ಟರಲ್ಲಿ ಒತ್ತು ಮುಗಿಯುತ್ತದೆ, ಗುಳ್ಳೆ ಮತ್ತೆ ಮೇಲೇರುತ್ತದೆ.

ನಾವು ಮಾಡಿದ್ದು ಹೀಗೆ. ನಿಪ್ಪಲ್ ಬಿಗಿ ಮಾಡಿ, ಪೈಪು ಬಿಚ್ಚದೆ, ಸ್ಲೇವಿನ ಎರಡು ಬೋಲ್ಟ್ ಮಾತ್ರ ತೆಗೆದು ಸ್ಲೇವನ್ನು ಕೈಗೆ ತೆಗೆದುಕೊಂಡೆ. ಆಗ ಮಗಳಿಗೆ ಪೆಡಲಿನ ಹತ್ತಿರವೂ ಕಾಲಿಡಬೇಡ ಅಂದೆ. ತಡೆ ಇಲ್ಲದ ಪಿಸ್ಟನ್ ಒಂದೇ ಒತ್ತಿಗೆ ಹೊರಗೆ ಹಾರಿಬಿಡುತ್ತದೆ. ಹೋಸ್ ಸೇರುವ ತುದಿ ಮೇಲಕ್ಕೆ ಬರುವ ಹಾಗೆ ಸ್ಲೇವ್ ಹಿಡಿದು, ಕಡ್ಡಿಯನ್ನು ಎರಡೂ ಹೆಬ್ಬೆರಳಲ್ಲಿ ನಿಧಾನಕ್ಕೆ ಪೂರ್ತಿ ಒಳಕ್ಕೆ ತಳ್ಳಿದೆ. ಆಯಿಲ್ ಮೇಲಕ್ಕೆ ಹೋಯಿತು. ಡಬ್ಬಿ ನೋಡುತ್ತಿದ್ದ ಮಗಳು "ಅಪ್ಪಾ, ಬುಳಬುಳ ಅಂತ ಬರ್ತಿದೆ" ಅಂದಳು. ಒಳಗಿನ ಸ್ಪ್ರಿಂಗ್ ಪಿಸ್ಟನನ್ನು ಮತ್ತೆ ಹೊರಗೆ ತರುವಾಗ ಬೆರಳು ತೆಗೆಯದೆ ನಿಧಾನಕ್ಕೆ ಬಿಟ್ಟೆ. ಹಾಗೇ ಏಳೆಂಟು ಸಲ. ಕೊನೆಯ ಎರಡು ಸಲ ಗುಳ್ಳೆ ಬರಲಿಲ್ಲ. ಸ್ಲೇವ್ ಕೂರಿಸಿ ಬೋಲ್ಟ್ ಬಿಗಿ ಮಾಡಿ ಪೆಡಲ್ ಒತ್ತಿಸಿದೆ. ಸ್ಕೇಲಿನಲ್ಲಿ 17. ಗಾಳಿಯನ್ನು ಅದು ಹೋಗಬಯಸುವ ಕಡೆಗೇ ಕಳಿಸುವುದರಿಂದ ಈ ವಿಧಾನ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ.

ಸ್ಲೇವ್ ಬಿಚ್ಚಲು ಆಗದಿದ್ದರೆ ಇದೇ ಕೆಲಸ ಸಿರಿಂಜಿನಿಂದಲೂ ಆಗುತ್ತದೆ. 50 ಮಿಲಿಲೀಟರಿನ ಹೊಸ ಸಿರಿಂಜಿನಲ್ಲಿ ಆಯಿಲ್ ತುಂಬಿ, ಟ್ಯೂಬಿನಲ್ಲಿ ಒಂದು ಗುಳ್ಳೆಯೂ ಇಲ್ಲದ ಹಾಗೆ ಮಾಡಿಕೊಂಡು, ನಿಪ್ಪಲ್ ಬಿಚ್ಚಿ ಕೆಳಗಿಂದ ಮೇಲಕ್ಕೆ ನಿಧಾನಕ್ಕೆ ತಳ್ಳಿ. ಮೊದಲೇ ಡಬ್ಬಿಯಿಂದ ಸ್ವಲ್ಪ ಆಯಿಲ್ ತೆಗೆದಿರಿ, ಇಲ್ಲದಿದ್ದರೆ ಉಕ್ಕಿ ಪೇಂಟಿನ ಮೇಲೆ ಹರಿಯುತ್ತದೆ. ಹರಿದರೆ ಒರೆಸುತ್ತಾ ಕೂರದೆ ತಕ್ಷಣ ನೀರು ಸುರಿಯಿರಿ. ಹಳೆಯ ಆಯಿಲ್ ಕೊಳೆಯಾಗಿದ್ದರೆ ಈ ವಿಧಾನ ಮೊದಲು ಮಾಡಬೇಡಿ, ಕೊಳೆಯೆಲ್ಲ ಮಾಸ್ಟರಿಗೆ ಹೋಗುತ್ತದೆ. ಮೇಲಿಂದ ಕೆಳಗೆ ಒಮ್ಮೆ ತೊಳೆದ ಮೇಲೆ ಮಾಡಿ.

ಮಾಸ್ಟರ್ ಹೊಸದಾಗಿ ಹಾಕಿದ್ದರೆ ಗಾಳಿ ಅದರೊಳಗೇ ನಿಲ್ಲಬಹುದು. ಕೆಲವು ಗಾಡಿಗಳಲ್ಲಿ ಮಾಸ್ಟರಿನ ಮುಂದಿನ ತುದಿ ಮೇಲಕ್ಕೆ ಎತ್ತಿಕೊಂಡಿರುತ್ತದೆ. ಗುಳ್ಳೆ ಆ ತುದಿಯಲ್ಲಿ ಸಿಕ್ಕಿಕೊಂಡು, ಡಬ್ಬಿಗೆ ಹೋಗುವ ತೂತಿನವರೆಗೆ ಬರುವುದೇ ಇಲ್ಲ. ಗಾಡಿಯ ಮುಂಭಾಗ ತಗ್ಗಾಗುವ ಹಾಗೆ ಇಳಿಜಾರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಪೆಡಲನ್ನು ಮೇಲ್ಭಾಗದ ಒಂದಿಂಚಿನಲ್ಲಿ ಮೆಲ್ಲಗೆ ಆಡಿಸಿ. ಡಬ್ಬಿಯಲ್ಲಿ ಗುಳ್ಳೆ ಏಳುವುದು ಕಾಣುತ್ತದೆ. ಇನ್ನೂ ಒಳ್ಳೆಯದು, ಗಾಡಿಗೆ ಕೂರಿಸುವ ಮೊದಲೇ ಮಾಸ್ಟರಿಗೆ ಆಯಿಲ್ ತುಂಬಿ ಗಾಳಿ ತೆಗೆದುಬಿಡುವುದು.

ಪೆಡಲಿನ ಕಡ್ಡಿಗೂ ಮಾಸ್ಟರ್ ಪಿಸ್ಟನಿಗೂ ನಡುವೆ ಕೂದಲೆಳೆಯಷ್ಟಾದರೂ ಬಿಡುವು ಇರಬೇಕು. ಕೈಯಲ್ಲಿ ಪೆಡಲ್ ಒತ್ತಿದರೆ ಮೊದಲು ಸ್ವಲ್ಪ ಸಡಿಲ ಸಿಗಬೇಕು. ಯಾರಾದರೂ ಕ್ಲಚ್ ಬಿಗಿ ಮಾಡುತ್ತೇನೆ ಅಂತ ಆ ಕಡ್ಡಿಯನ್ನು ಪೂರ್ತಿ ಉದ್ದ ಮಾಡಿದ್ದರೆ ಡಬ್ಬಿಯ ತೂತು ತೆರೆಯುವುದೇ ಇಲ್ಲ. ಆಗ ಗಾಳಿಯೂ ಹೊರಗೆ ಹೋಗುವುದಿಲ್ಲ, ಬಿಸಿಯಾದ ಆಯಿಲ್ ಹಿಗ್ಗಿ ಕ್ಲಚ್ ತಾನಾಗಿ ಜಾರಲು ಶುರುವಾಗುತ್ತದೆ.

ದಾರಿಯ ಮಧ್ಯೆ ಕೈಕೊಟ್ಟರೆ ಮೊದಲು ಗಾಡಿ ಬದಿಗೆ ಹಾಕಿ ಡಬ್ಬಿ ನೋಡಿ. ಇಳಿದಿದ್ದರೆ ಬ್ರೇಕ್ ಆಯಿಲ್ ತುಂಬಿಸಿ, ಪಂಪ್ ಮಾಡಿ ಗೇರ್ ಹಾಕಿ ಹತ್ತಿರದ ಗ್ಯಾರೇಜ್ ಸೇರಬಹುದು. ಆಯಿಲ್ ಸಿಗಲಿಲ್ಲ ಅಂತ ಇಂಜಿನ್ ಆಯಿಲ್ ಮಾತ್ರ ಹಾಕಬೇಡಿ. ಒಳಗಿನ ಒಂದೊಂದು ರಬ್ಬರೂ ಬದಲಾಯಿಸಬೇಕಾಗುತ್ತದೆ. ಒಂದೇ ಡಬ್ಬಿ ಇರುವ ಗಾಡಿಯಲ್ಲಿ ಬ್ರೇಕೂ ಹೋಗುತ್ತದೆ. ಡಬ್ಬಿ ಒಂದೇ ಆಗಿದ್ದು ಆಯಿಲ್ ತೀರಾ ಇಳಿದಿದ್ದರೆ ಘಾಟಿ ಇಳಿಯುವ ಯೋಚನೆ ಬಿಡಿ, ಅಲ್ಲೇ ನಿಂತು ಮೆಕ್ಯಾನಿಕ್ ಕರೆಸಿ.

ಕೆಲಸ ಮುಗಿದ ಮೇಲೆ ಐದು ಎಣಿಸಿ ರಿವರ್ಸ್ ಹಾಕುವ ಪರೀಕ್ಷೆ ಮತ್ತೆ ಮಾಡಿದೆವು. ಗೇರ್ ಸದ್ದಿಲ್ಲದೆ ಬಿತ್ತು. ಬೂಟ್ ಒಳಗೆ ಒಣ ಬಟ್ಟೆಯಿಂದ ಒರೆಸಿ, ನಿಪ್ಪಲ್‌ನ ರಬ್ಬರ್ ಟೋಪಿ ಹಾಕಿದೆ. ಹಳೆಯ ಆಯಿಲ್ ತೋಟಕ್ಕೆ ಚೆಲ್ಲದೆ, ಕ್ಯಾನಿಗೆ ತುಂಬಿ ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಟ್ಟೆ. ಡಬ್ಬಿಯ ಹೊರಗೆ ಆಯಿಲ್ ಮಟ್ಟಕ್ಕೆ ಸರಿಯಾಗಿ ಮಾರ್ಕರಿನಲ್ಲಿ ಒಂದು ಗೆರೆ ಎಳೆದು, ಪಕ್ಕದಲ್ಲಿ ಮಗಳು ತಾರೀಖು ಬರೆದಳು. ವಾರಕ್ಕೊಮ್ಮೆ ಬಾನೆಟ್ ಎತ್ತಿದಾಗ ಆ ಗೆರೆ ನೋಡುತ್ತೇನೆ. ಈಗ ಏಳು ತಿಂಗಳಾಯಿತು, ಆಯಿಲ್ ಗೆರೆಯಲ್ಲೇ ಇದೆ.